ಇಟಲಿಯ ಪ್ರಾಂತೀಯ ರಾಜಕಾರಣಿಗಳ ಹೆಸರುಗಳು ಎಲ್ಲಿಂದ ಬಂದವು? ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಸುದ್ದಿ ಓದುವವರಿಗೆ, ಅಲ್ಲಿ ಓದಲು ಅಥವಾ ಕೆಲಸಕ್ಕೆ ಹೋದವರಿಗೆ, ಹೆಸರುಗಳ ಮೂಲ ಹುಡುಕುವ ಚಟ ಇರುವವರಿಗೆ ಈ ಪುಟ. ವ್ಯಕ್ತಿಗಳ ಹೆಸರನ್ನು ಇಟಾಲಿಯನ್ ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇವೆ. ರೋಮ್, ಮಿಲಾನ್, ಸಿಸಿಲಿಯಂಥ ಊರು-ನಾಡಿನ ಹೆಸರುಗಳನ್ನು ಮಾತ್ರ ನಮ್ಮಲ್ಲಿ ರೂಢಿಯಾದಂತೆಯೇ ಬಿಟ್ಟಿದ್ದೇವೆ. 'ಮನೆಹೆಸರು' ಎಂದರೆ ಸರ್‌ನೇಮ್.

ಪ್ರಾಂತೀಯ ರಾಜಕಾರಣಿ ಎಂದರೆ ಯಾರು?

ಇಟಲಿಯಲ್ಲಿ 20 ಪ್ರಾಂತ್ಯಗಳಿವೆ. ಸಿಸಿಲಿ, ಸಾರ್ಡೀನಿಯ, ವಾಲೆ ದಾವೋಸ್ತ, ತ್ರೆಂತೀನೊ-ಆಲ್ತೊ ಆದಿಜೆ, ಫ್ರಿಯೂಲಿ ವೆನೆತ್ಸಿಯ ಜೂಲಿಯ ಈ ಐದಕ್ಕೆ ವಿಶೇಷ ಸ್ಥಾನಮಾನವಿದೆ. ಉಳಿದ 15 ಪ್ರಾಂತ್ಯಗಳಲ್ಲಿ ಮೊದಲ ಚುನಾವಣೆ ನಡೆದದ್ದು 1970ರ ಜೂನ್‌ನಲ್ಲಿ. ಪ್ರತಿ ಪ್ರಾಂತ್ಯಕ್ಕೂ ಒಂದು ಪರಿಷತ್ತು, ಒಬ್ಬ ಅಧ್ಯಕ್ಷ. ಪತ್ರಿಕೆಗಳು ಅಧ್ಯಕ್ಷರನ್ನು 'ಗೊವೆರ್ನತೋರೆ' ಎಂದು ಕರೆಯುವುದುಂಟು. ಅದನ್ನು ನೋಡಿ ನಮ್ಮ ರಾಜ್ಯಪಾಲರೆಂದು ತಿಳಿಯಬೇಡಿ, ಅಧಿಕಾರದಲ್ಲಿ ಅವರು ಮುಖ್ಯಮಂತ್ರಿಗೆ ಹತ್ತಿರ. 2000ದಿಂದೀಚೆಗೆ ಬಹುತೇಕ ಪ್ರಾಂತ್ಯಗಳಲ್ಲಿ ಅಧ್ಯಕ್ಷರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ.

ಎರಡು ಪದಗಳಲ್ಲಿ ಸ್ವಂತ ಹೆಸರು ಯಾವುದು, ಮನೆಹೆಸರು ಯಾವುದು?

ಪತ್ರಿಕೆಯಲ್ಲಿ, ಮಾತಿನಲ್ಲಿ ಸ್ವಂತ ಹೆಸರು ಮೊದಲು: ಎನ್ರೀಕೊ ರೊಸ್ಸಿ. ಸರ್ಕಾರಿ ಪಟ್ಟಿ, ಶಾಲೆಯ ಹಾಜರಿ, ಚುನಾವಣಾ ಕಡತಗಳಲ್ಲಿ ಬಹಳ ಸಲ ಮನೆಹೆಸರು ಮೊದಲು: ರೊಸ್ಸಿ ಎನ್ರೀಕೊ. ಎರಡೂ ಸ್ವಂತ ಹೆಸರಿನಂತೆಯೇ ಕಂಡಾಗ ತೊಡಕು. ಮೊಲೀಸೆಯ ಅಧ್ಯಕ್ಷ ಫ್ರಾಂಚೆಸ್ಕೊ ರೊಬೆರ್ತಿ, 2025ರಲ್ಲಿ ವೆನೆತೊದಲ್ಲಿ ಗೆದ್ದ ಆಲ್ಬೆರ್ತೊ ಸ್ತೆಫಾನಿ ಇಬ್ಬರನ್ನೂ ನೋಡಿ. ರೊಬೆರ್ತೊ, ಸ್ತೆಫಾನೊ ಎಂದಿದ್ದರೆ ಸ್ವಂತ ಹೆಸರು. ಕೊನೆಯ 'ಒ' ಹೋಗಿ 'ಇ' ಬಂದಿದ್ದರೆ ಹೆಚ್ಚಾಗಿ ಮನೆಹೆಸರು, ಅಂದರೆ 'ರೊಬೆರ್ತೊನ ಮನೆಯವರು', 'ಸ್ತೆಫಾನೊನ ಮನೆಯವರು'. ದಕ್ಷಿಣದಲ್ಲಿ ಈ ಸೂತ್ರ ಕೈಕೊಡುತ್ತದೆ. ಪೂಲ್ಯದ ಅಧ್ಯಕ್ಷರಾಗಿದ್ದ ಮಿಕೇಲೆ ಎಮಿಲಿಯಾನೊ ಅವರ ಮನೆಹೆಸರು 'ಒ'ದಲ್ಲೇ ಮುಗಿಯುತ್ತದೆ. ಅದು ರೋಮನ್ನರ ಎಮಿಲಿಯಾನುಸ್ ಎಂಬ ಹೆಸರು.

ನಿಕೋಲ, ಲೂಕ, ಆಂದ್ರೇಯ ಇವೆಲ್ಲ ಹೆಂಗಸರ ಹೆಸರಲ್ಲವೇ?

ಅಲ್ಲ. ಲಾತ್ಸಿಯೊದ ಅಧ್ಯಕ್ಷರಾಗಿದ್ದ ನಿಕೋಲ ತ್ಸಿಂಗರೆತ್ತಿ ಗಂಡಸು, ವೆನೆತೊವನ್ನು 2010ರಿಂದ 2025ರವರೆಗೆ ಆಳಿದ ಲೂಕ ದ್ಜಾಯ ಗಂಡಸು. 'ಅ'ದಲ್ಲಿ ಮುಗಿಯುವ ಇಂಥ ಗಂಡು ಹೆಸರುಗಳು ಹೆಚ್ಚಿನವು ಗ್ರೀಕ್ ಅಥವಾ ಹೀಬ್ರೂ ಮೂಲದವು: ಆಂದ್ರೇಯ, ಮತ್ತೀಯ, ಎಲೀಯ, ಎನೇಯ. ಆಂದ್ರೇಯ ಎಂಬುದರ ಗ್ರೀಕ್ ಬೇರಿನ ಅರ್ಥವೇ 'ಗಂಡಸು'. ಹೆಸರು ಮಗುವಿನ ಲಿಂಗಕ್ಕೆ ಹೊಂದಬೇಕೆಂಬ ನಿಯಮ ಇಟಲಿಯಲ್ಲಿ ಇರುವುದರಿಂದ ಹೆಣ್ಣುಮಗುವಿಗೆ ಆಂದ್ರೇಯ ಎಂದಿಡಬಹುದೇ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2012ರ ನವೆಂಬರ್‌ನಲ್ಲಿ 'ಇಡಬಹುದು' ಎಂದು ತೀರ್ಪಾಯಿತು.

ತಿರುಗುಮುರುಗು ತಪ್ಪೂ ಆಗುತ್ತದೆ. ಮಿಕೇಲೆ, ಸಿಮೋನೆ, ಗಬ್ರಿಯೇಲೆ, ದನಿಯೇಲೆ ಗಂಡು ಹೆಸರುಗಳು. ಇಂಗ್ಲಿಷ್ ಮೂಲಕ ಓದುವವರು ಹೆಂಗಸರೆಂದುಕೊಳ್ಳುತ್ತಾರೆ. ಸಿಸಿಲಿಯ ಅಧ್ಯಕ್ಷರಾಗಿದ್ದ ರೊಸಾರಿಯೊ ಕ್ರೊಚೆತ್ತ ಕೂಡ ಗಂಡಸು. ರೊಸಾರಿಯೊ ಎಂದರೆ ಜಪಸರ, ಕ್ರೊಚೆತ್ತ ಎಂದರೆ ಪುಟ್ಟ ಶಿಲುಬೆ. ಕಲಾಬ್ರಿಯದ ಮೊದಲ ಮಹಿಳಾ ಅಧ್ಯಕ್ಷೆ, ಅಧಿಕಾರದಲ್ಲಿದ್ದಾಗಲೇ 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಯೋಲೆ ಸಾಂತೆಲ್ಲಿ ಅವರದು ಗ್ರೀಕ್ ಪುರಾಣದ ಹೆಸರು. ಹೆರಕ್ಲೀಸ್ ಮೋಹಿಸಿದ ರಾಜಕುಮಾರಿ ಇಯೋಲೆ.

ಹೆಸರು ಕೇಳಿಯೇ ಊರು ಹೇಳಬಹುದೇ?

ಸ್ವಂತ ಹೆಸರಿನಿಂದ ಕೆಲವೊಮ್ಮೆ ಹೇಳಬಹುದು, ಕಾರಣ ಊರಿನ ಸಂತ. 1958ರಿಂದ 1966ರವರೆಗೆ ಸಾರ್ಡೀನಿಯದ ಅಧ್ಯಕ್ಷರಾಗಿದ್ದವರು ಎಫೀಸಿಯೊ ಕೊರ್ರಿಯಾಸ್. ಎಫೀಸಿಯೊ ಎಂದರೆ 'ಎಫೆಸಸ್ ಪಟ್ಟಣದವನು'. ಹೆಸರಿನ ಬೇರು ಇಂದಿನ ತುರ್ಕಿಯಲ್ಲಿದ್ದರೂ ಇಟಲಿಯಲ್ಲಿ ಅದು ಸಾರ್ಡೀನಿಯದ್ದೇ. 1652ರ ಪ್ಲೇಗ್ ಕಾಲದಲ್ಲಿ ಕಾಲ್ಯರಿ ಪಟ್ಟಣ ಸಂತ ಎಫೀಸಿಯೊಗೆ ಹರಕೆ ಹೊತ್ತಿತು. ಇಂದಿಗೂ ಪ್ರತಿ ಮೇ 1ರಂದು ಅವನ ಮೂರ್ತಿಯನ್ನು ಮೆರವಣಿಗೆಯಲ್ಲಿ ನೋರ ಎಂಬಲ್ಲಿಗೆ ಒಯ್ಯುತ್ತಾರೆ. 'ಕೊರ್ರಿಯಾಸ್' ಎಂಬ ಮನೆಹೆಸರಿನ ಕೊನೆಯ 'ಸ್' ಕೂಡ ಸಾರ್ಡೀನಿಯದ ಗುರುತೇ. ಸೊಲೀನಾಸ್, ಮೇಲಿಸ್, ಸೋರು, ಪಿಲ್ಯಾರು: 'ಸ್' ಅಥವಾ 'ಉ'ದಲ್ಲಿ ಮುಗಿಯುವ ಈ ನಾಲ್ವರೂ ಆ ದ್ವೀಪದ ಅಧ್ಯಕ್ಷರಾಗಿದ್ದವರು.

ಕಲಾಬ್ರಿಯದ ಅಧ್ಯಕ್ಷರಾಗಿದ್ದ ಅಗಾತ್ಸಿಯೊ ಲೊಯೇರೊ ಅವರ ಹೆಸರು ಕತನ್ಜಾರೊ ಸುತ್ತಮುತ್ತ ಬಿಟ್ಟರೆ ಅಪರೂಪ. ಸಂತ ಅಗಾತ್ಸಿಯೊ ಅಲ್ಲಿನ ಸ್ಕ್ವಿಲ್ಲಾಚೆ ಪಟ್ಟಣದ ಪೋಷಕ. ಬಸಿಲಿಕಾತ ಪ್ರಾಂತ್ಯಕ್ಕೆ ವೀತೊ ದೆ ಫಿಲಿಪ್ಪೊ, ವೀತೊ ಬಾರ್ದಿ ಎಂಬ ಇಬ್ಬರು ವೀತೊಗಳು ಅಧ್ಯಕ್ಷರಾದದ್ದೂ ಕಾಕತಾಳೀಯವೆನಿಸುವುದಿಲ್ಲ. ಸಂತ ವೀತೊನ ಹೆಸರು ದಕ್ಷಿಣದಲ್ಲಿ ಮನೆಮನೆಯದು. ಫ್ರಾಂಚೆಸ್ಕೊ, ಜೊವಾನ್ನಿ, ಮಾರ್ಕೊ ಇವುಗಳಿಂದ ಮಾತ್ರ ಏನೂ ತಿಳಿಯುವುದಿಲ್ಲ. ದೇಶದ ಉದ್ದಗಲಕ್ಕೂ ಇದ್ದಾರೆ.

'ನೀಕಿ' ವೆಂದೊಲ ಎಂಬ ಹೆಸರಿನ ಗುಟ್ಟೇನು?

2005ರಿಂದ 2015ರವರೆಗೆ ಪೂಲ್ಯದ ಅಧ್ಯಕ್ಷರಾಗಿದ್ದ ಎಡಪಂಥೀಯ ನಾಯಕ ನೀಕಿ ವೆಂದೊಲ ಅವರ ದಾಖಲೆಯ ಹೆಸರು ನಿಕೋಲ. ಹುಟ್ಟಿದ್ದು 1958ರಲ್ಲಿ, ಬಾರಿಯಲ್ಲಿ. ಬಾರಿ ಎಂದರೆ ಸಂತ ನಿಕೋಲನ ಊರು. 1087ರಲ್ಲಿ ನಾವಿಕರು ಮೀರಾದಿಂದ, ಅಂದರೆ ಇಂದಿನ ತುರ್ಕಿಯಿಂದ, ಅವನ ಅಸ್ಥಿಗಳನ್ನು ತಂದು ಅಲ್ಲಿ ಬಸಿಲಿಕ ಕಟ್ಟಿಸಿದರು. ಹಾಗಾಗಿ ಆ ಜಿಲ್ಲೆಯಲ್ಲಿ ನಿಕೋಲಗಳಿಗೆ ಬರವಿಲ್ಲ. ಆದರೆ ಮನೆಯಲ್ಲಿ ಕರೆದ 'ನೀಕಿ' ಬೇರೆ ದಿಕ್ಕಿನದು. ಆ ಹೊತ್ತಿಗೆ ಸೋವಿಯತ್ ನಾಯಕನಾಗಿದ್ದ ನಿಕೀತ ಕ್ರುಶ್ಚೇವ್‌ನ ನೆನಪಿನದು ಎಂದೇ ಅವರ ಬಗೆಗಿನ ಬರಹಗಳು ಹೇಳುತ್ತವೆ. ಚರ್ಚಿಗೆ ಹೋಗುವ, ಕಮ್ಯುನಿಸ್ಟ್ ಪಕ್ಷಕ್ಕೆ ಓಟು ಹಾಕುವ ದಕ್ಷಿಣ ಇಟಲಿಯ ಮನೆಗಳಲ್ಲಿ ಈ ಎರಡು ನಿಷ್ಠೆಗಳು ಜಗಳವಾಡದೆ ಒಟ್ಟಿಗೆ ಇರುತ್ತಿದ್ದವು. ಇಲ್ಲಿ ಒಂದೇ ಹೆಸರಿನೊಳಗೆ ಇವೆ.

ಮೂಲ ಹುಡುಕುವವರು ಗಮನಿಸಬೇಕಾದ್ದು ಒಂದಿದೆ. ನಿಘಂಟು 'ನಿಕೋಲ'ದ ಅರ್ಥವನ್ನು 'ಜನರ ಗೆಲುವು' ಎಂದು ಕೊಡುತ್ತದೆ, ಅದು ಸರಿ. ಆದರೆ ಹೆಸರಿಟ್ಟ ತಾಯಿತಂದೆಯ ಮನಸ್ಸಿನಲ್ಲಿ ಆ ಗ್ರೀಕ್ ಅರ್ಥ ಇರುವುದಿಲ್ಲ. ಪದದ ಮೂಲ ಬೇರೆ, ಹೆಸರಿಟ್ಟ ಕಾರಣ ಬೇರೆ. ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಇವೆರಡನ್ನು ಬೆರೆಸುವುದರಿಂದಲೇ ಆಗುತ್ತವೆ.

ಉಂಬ್ರಿಯದ ಅಧ್ಯಕ್ಷೆಗೆ ರಷ್ಯನ್ ಹೆಸರು ಹೇಗೆ ಬಂತು?

2010ರಿಂದ 2019ರವರೆಗೆ ಉಂಬ್ರಿಯವನ್ನು ನಡೆಸಿದ ಕಾತ್ಯೂಶ ಮರೀನಿ ಅವರ ಹೆಸರು ರಷ್ಯನ್ನರು ಎಕತೆರೀನಾಳನ್ನು ಮುದ್ದಿನಿಂದ ಕರೆಯುವ ರೂಪ, ಇಟಾಲಿಯನ್ ಕಾಗುಣಿತದಲ್ಲಿ. ಉಂಬ್ರಿಯ, ಟಸ್ಕನಿ, ಎಮಿಲಿಯಾ-ರೊಮಾನ್ಯ ಇವು ದಶಕಗಳ ಕಾಲ ಎಡಪಕ್ಷಗಳ ಭದ್ರಕೋಟೆ, ಅಂಥ ಕಡೆ ರಷ್ಯನ್ ಹೆಸರು ಕಿವಿಗೆ ಹೊಸದಲ್ಲ. ಹಾಗೆಂದು ರಷ್ಯನ್ ಹೆಸರಿದ್ದ ಮನೆಯೆಲ್ಲ ಕೆಂಪು ಬಾವುಟದ್ದು ಎಂದು ಹೇಳಲಾಗದು. 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದ ಸೋನಿಯಾ ಗಾಂಧಿಯವರು ಹುಟ್ಟಿದ್ದು ವೆನೆತೊದ ಲುಸಿಯಾನದಲ್ಲಿ. ಜನನ ದಾಖಲೆಯ ಹೆಸರು ಎದ್ವೀಜೆ ಅಂತೋನಿಯ ಅಲ್ಬೀನ ಮೈನೊ. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ರಣರಂಗಕ್ಕೆ ಹೋಗಿಬಂದ ತಂದೆ ಮಕ್ಕಳನ್ನು ರಷ್ಯನ್ ಹೆಸರುಗಳಿಂದ ಕರೆದರೆಂದು ಅವರ ಜೀವನಚಿತ್ರಗಳು ಹೇಳುತ್ತವೆ. ಆ ಮನೆ ಎಡಪಂಥದ್ದಾಗಿರಲಿಲ್ಲ.

ಸಿದ್ಧಾಂತದ ಹೆಸರುಗಳ ನಿಜವಾದ ತವರು ರೊಮಾನ್ಯ, ಅಂದರೆ ಎಮಿಲಿಯಾ-ರೊಮಾನ್ಯ ಪ್ರಾಂತ್ಯದ ಪೂರ್ವ ಭಾಗ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಗಣರಾಜ್ಯವಾದಿಗಳು, ಸಮಾಜವಾದಿಗಳು, ಅರಾಜಕತಾವಾದಿಗಳು ಪಾದ್ರಿಗಳ ಮೇಲಿನ ಸಿಟ್ಟಿಗೆ ಸಂತರ ಹೆಸರು ಬಿಟ್ಟು ಲೀಬೆರೊ (ಸ್ವತಂತ್ರ), ರಿಬೆಲ್ಲೆ (ಬಂಡಾಯಗಾರ), ಆತೆಯೊ (ನಾಸ್ತಿಕ), ಸ್ಪಾರ್ತಕೊ ಎಂದೆಲ್ಲ ಇಟ್ಟರು. ಆಸ್ಟ್ರಿಯದವರು 1882ರಲ್ಲಿ ಗಲ್ಲಿಗೇರಿಸಿದ ಯುವಕನ ಮನೆಹೆಸರು ಓಬೆರ್ದಾನ್ ಕೂಡ ಎಷ್ಟೋ ಮಕ್ಕಳ ಸ್ವಂತ ಹೆಸರಾಯಿತು. 1883ರಲ್ಲಿ ಪ್ರೆದಾಪ್ಪಿಯೊ ಎಂಬಲ್ಲಿನ ಸಮಾಜವಾದಿ ಕಮ್ಮಾರನೊಬ್ಬ ತನ್ನ ಮಗನಿಗೆ ಮೆಕ್ಸಿಕೊದ ಬೆನೀತೊ ಹುವಾರೆಸ್, ಇಟಲಿಯ ಅಮಿಲ್ಕಾರೆ ಚಿಪ್ರಿಯಾನಿ, ಆಂದ್ರೇಯ ಕೋಸ್ತ ಮೂವರ ಹೆಸರನ್ನೂ ಸೇರಿಸಿ ಇಟ್ಟ. ಆ ಮಗ ಬೆನೀತೊ ಮುಸ್ಸೊಲೀನಿ. ಹೆಸರು ತಂದೆಯ ರಾಜಕೀಯ ಹೇಳುತ್ತದೆ, ಮಗನದ್ದಲ್ಲ.

ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಅಲ್ಲೂ ಇದೆಯೇ?

ಇದೆ, ದಕ್ಷಿಣದಲ್ಲಿ ಇಂದಿಗೂ ಗಟ್ಟಿಯಾಗಿದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಸಿಸಿಲಿಯ ಮತ್ತರೆಲ್ಲ ಮನೆತನದಲ್ಲಿ ಬೆರ್ನಾರ್ದೊ ಕೇಂದ್ರ ಸಚಿವ. ಅವರ ಮಗ ಪಿಯೆರ್‌ಸಾಂತಿ ಸಿಸಿಲಿಯ ಅಧ್ಯಕ್ಷರಾಗಿದ್ದಾಗ 1980ರ ಜನವರಿ 6ರಂದು ಪಲೆರ್ಮೊದಲ್ಲಿ ಮಾಫಿಯಾ ಗುಂಡಿಗೆ ಬಲಿಯಾದರು. ಇನ್ನೊಬ್ಬ ಮಗ ಸೆರ್ಜೊ 2015ರಿಂದ ಇಟಲಿಯ ರಾಷ್ಟ್ರಾಧ್ಯಕ್ಷ; ಸೆರ್ಜೊ ಅವರ ಮಗನ ಹೆಸರು ಮತ್ತೆ ಬೆರ್ನಾರ್ದೊ, ಜೊತೆಗೆ ಜೋರ್ಜೊ. ಒಂದೇ ಮನೆತನದ ಇಬ್ಬರನ್ನು ಒಬ್ಬರೆಂದು ಬರೆಯುವ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ. ಹುಟ್ಟಿದ ವರ್ಷ ನೋಡದೆ ಮುಂದೆ ಹೋಗಬೇಡಿ.

ಬದುಕಿರುವ ತಂದೆಯ ಹೆಸರನ್ನೇ ಮಗನಿಗೆ ಇಡುವಂತಿಲ್ಲ, ಬದುಕಿರುವ ಅಣ್ಣತಮ್ಮ ಅಕ್ಕತಂಗಿಯರದೂ ಕೂಡದು. 2000ದ ನಾಗರಿಕ ನೋಂದಣಿ ನಿಯಮಾವಳಿಯ 34ನೇ ವಿಧಿಯಲ್ಲಿ ಇದಕ್ಕೆ ನಿಷೇಧವಿದೆ. ಅಮೆರಿಕದಂತೆ 'ಜೂನಿಯರ್' ಎಂದು ಸೇರಿಸುವ ರೂಢಿ ಅಲ್ಲಿ ಇಲ್ಲ.

ದೆ, ದಿ, ದೆಲ್ ಎಂದು ಶುರುವಾದರೆ ಜಮೀನ್ದಾರಿ ಮನೆತನವೇ?

ಇಲ್ಲ. ಹೆಚ್ಚಿನವು 'ಇಂಥವರ ಮಗ' ಎಂಬ ಸರಳ ಅರ್ಥದವು, ಅದರಲ್ಲೂ ದಕ್ಷಿಣದಲ್ಲಿ. ಕಂಪಾನಿಯವನ್ನು ಹತ್ತು ವರ್ಷ ಆಳಿದ ವಿನ್ಚೆನ್ತ್ಸೊ ದೆ ಲೂಕ ಎಂದರೆ ಲೂಕನ ಮನೆಯವರು. 2024ರಲ್ಲಿ ಎಮಿಲಿಯಾ-ರೊಮಾನ್ಯದ ಅಧ್ಯಕ್ಷರಾದ ಮಿಕೇಲೆ ದೆ ಪಸ್ಕಾಲೆ ಅವರ ಮನೆಹೆಸರಿನೊಳಗೆ ಇರುವುದು ಪಸ್ಕ್ವಾಲೆ ಎಂಬ ಹೆಸರು, ಈಸ್ಟರ್ ಹೊತ್ತಿಗೆ ಹುಟ್ಟಿದ ಮಗುವಿಗೆ ಇಡುತ್ತಿದ್ದದ್ದು. ಇಟಾಲಿಯನ್ ಬರಹದಲ್ಲಿ ದೆ ಲೂಕ ಅವರ 'ದೆ' ದೊಡ್ಡಕ್ಷರ, ದೆ ಪಸ್ಕಾಲೆ ಅವರದು ಚಿಕ್ಕಕ್ಷರ. ಚಿಕ್ಕಕ್ಷರ ಇದ್ದರೆ ಕುಲೀನ ವಂಶ ಎಂಬ ನಂಬಿಕೆ ಇಟಾಲಿಯನ್ನರಲ್ಲೂ ಇದೆ. ಅದು ಪುರಾವೆಯಲ್ಲ, ಜನನ ದಾಖಲೆ ಬರೆದ ಗುಮಾಸ್ತನ ಕೈಬರಹವೂ ಕಾರಣವಾಗಿರಬಹುದು. ಅಕಾರಾದಿಯಲ್ಲಿ ಎರಡನ್ನೂ 'ದ'ದ ಕೆಳಗೇ ಹುಡುಕಬೇಕು. 'ಲ'ದ ಕೆಳಗೆ ಹುಡುಕಿ 'ದೆ ಲೂಕ ಪಟ್ಟಿಯಲ್ಲೇ ಇಲ್ಲ' ಎನ್ನುವವರು ಬಹಳ.

ತಾಯಿಯ ಹೆಸರಿನಿಂದ ಬಂದವೂ ಇವೆ. ಮೊಲೀಸೆಯ ಅಧ್ಯಕ್ಷರಾಗಿದ್ದ ಪಾವ್ಲೊ ದಿ ಲಾವ್ರ ಫ್ರತ್ತೂರ ಅವರ ಮನೆಹೆಸರಿನ ಮೊದಲರ್ಧ 'ಲಾವ್ರಳ' ಎಂಬುದು.

ಸಾಮಾನ್ಯ ಮನೆಹೆಸರುಗಳ ಅರ್ಥವೇನು?

ರೊಸ್ಸಿ ಎಂದರೆ ಕೆಂಪು ಕೂದಲಿನ ಅಥವಾ ಕೆಂಪು ಮೈಬಣ್ಣದ ಪೂರ್ವಜನ ಮನೆಯವರು. ದಕ್ಷಿಣದಲ್ಲಿ ಅದೇ 'ರುಸ್ಸೊ' ಆಗುತ್ತದೆ, ರಷ್ಯಾಕ್ಕೆ ಸಂಬಂಧವಿಲ್ಲ. ಕಸುಬಿನಿಂದ ಬಂದದ್ದು ಮಾರ್ಕೆಯ ಅಧ್ಯಕ್ಷ ಫ್ರಾಂಚೆಸ್ಕೊ ಅಕ್ವರೋಲಿ ಅವರದು, ನೀರು ಮಾರುವವರು. ಎಮಿಲಿಯಾ-ರೊಮಾನ್ಯದ ಅಧ್ಯಕ್ಷರಾಗಿದ್ದ ಅಂತೋನಿಯೊ ಲಾ ಫೋರ್ಜ ಅವರದು ಕಮ್ಮಾರಸಾಲೆ. ಲೊಂಬಾರ್ದಿಯ ಮೊದಲ ಅಧ್ಯಕ್ಷ ಪಿಯೇರೊ ಬಸ್ಸೆತ್ತಿ (1970) ಅವರ ಮನೆಹೆಸರು ಕುಳ್ಳನೊಬ್ಬನಿಗೆ ಇಟ್ಟ ಅಡ್ಡಹೆಸರು. ಕಲಾಬ್ರಿಯದ ರೊಬೆರ್ತೊ ಒಕ್ಯೂತೊ ಅವರದು ಕಣ್ಣಿಗೆ ಸಂಬಂಧಿಸಿದ್ದು: ದೊಡ್ಡ ಕಣ್ಣಿನವ. ಸ್ಥಳದಿಂದ ಬಂದವು ಫೊನ್ತಾನ (ಒರತೆ), ರೊಕ್ಕ (ಕೋಟೆ).

ವಲಸೆಯ ಕಥೆ ಹೇಳುವವೂ ಇವೆ. ಸಿಸಿಲಿಯ ಅಧ್ಯಕ್ಷರಾಗಿದ್ದ ರಫಾಯೆಲೆ ಲೊಂಬಾರ್ದೊ ಅವರ ಮನೆಹೆಸರು ಕೇಳಿ ಮಿಲಾನ್ ಕಡೆಯವರೆಂದು ಊಹಿಸಬೇಡಿ. ಮಧ್ಯಯುಗದಲ್ಲಿ ಉತ್ತರ ಇಟಲಿಯವರನ್ನೆಲ್ಲ 'ಲೊಂಬಾರ್ದಿ' ಎನ್ನುತ್ತಿದ್ದರು. ನಾರ್ಮನ್ ದೊರೆಗಳು ಸಿಸಿಲಿ ಗೆದ್ದ ಮೇಲೆ ಉತ್ತರ ಇಟಲಿಯಿಂದ ಜನರನ್ನು ಅಲ್ಲಿಗೆ ತಂದು ನೆಲೆಗೊಳಿಸಿದರು. ಪಿಯಾತ್ಸ ಆರ್ಮೆರೀನ, ನಿಕೊಸೀಯದಂಥ ಊರುಗಳಲ್ಲಿ ಉತ್ತರದ ಛಾಯೆಯ ಆಡುಮಾತು ಇಂದಿಗೂ ಉಳಿದಿದೆ. ಒಂದು ಊರಿನಲ್ಲಿ ಎಲ್ಲರೂ ಲೊಂಬಾರ್ದಿಗಳಾದರೆ ಆ ಹೆಸರಿಗೆ ಅರ್ಥವಿರುವುದಿಲ್ಲ. ಹೊರಗಿನಿಂದ ಬಂದವನಿಗೆ ಹೊಸ ಊರಿನವರು ಇಡುವ ಹೆಸರದು, ಆದ್ದರಿಂದ ಸಿಗುವುದು ಅವನು ಬಿಟ್ಟುಬಂದ ಊರಿನಲ್ಲಲ್ಲ, ಸೇರಿಕೊಂಡ ಊರಿನಲ್ಲಿ. ಕಲಾಬ್ರಿಯದ ಅಧ್ಯಕ್ಷರಾಗಿದ್ದ ಜುಸೆಪ್ಪೆ ಸ್ಕೊಪೆಲ್ಲೀತಿ ಅವರ ಹೆಸರಿನ ಕೊನೆಯ 'ಈತಿ' ಗ್ರೀಕ್ ಪ್ರತ್ಯಯ, 'ಇಂಥ ಊರಿನವ' ಎಂದು. ಆ ಸೀಮೆಯಲ್ಲಿ ಗ್ರೀಕ್ ಮಾತಾಡುತ್ತಿದ್ದ ಶತಮಾನಗಳ ಕುರುಹು ಅದು.

ಪ್ರೊಯೆತ್ತಿ ಎಂಬುದು ಹೆತ್ತವರು ಬಿಟ್ಟುಹೋದ ಶಿಶುಗಳಿಗೆ ಇಡುತ್ತಿದ್ದ ಹೆಸರು ಎಂಬುದು ನಿಜವೇ?

ನಿಜ. ಅಸ್ಸೀಸಿಯ ಮೇಯರ್ ಆಗಿದ್ದು 2024ರಲ್ಲಿ ಉಂಬ್ರಿಯದ ಅಧ್ಯಕ್ಷೆಯಾದ ಸ್ತೆಫಾನಿಯ ಪ್ರೊಯೆತ್ತಿ ಅವರ ಮನೆಹೆಸರಿನ ಮೂಲ ಲ್ಯಾಟಿನ್‌ನ 'ಎಸೆಯಲ್ಪಟ್ಟವ' ಎಂಬ ಪದ. ಹೆತ್ತವರು ಬಿಟ್ಟುಹೋದ ಶಿಶುಗಳನ್ನು ರೋಮ್ ಸುತ್ತಮುತ್ತ ಹೀಗೆ ದಾಖಲಿಸುತ್ತಿದ್ದರು. ಅದಕ್ಕೇ ಲಾತ್ಸಿಯೊ, ಉಂಬ್ರಿಯಗಳಲ್ಲಿ ಪ್ರೊಯೆತ್ತಿಗಳು ಹೆಚ್ಚು. ನೇಪಲ್ಸ್‌ನಲ್ಲಿ ಅದೇ ಕಾರಣಕ್ಕೆ ಎಸ್ಪೊಸಿತೊ, ಅಂದರೆ 'ಹೊರಗಿಡಲ್ಪಟ್ಟವ'. ಫ್ಲಾರೆನ್ಸ್‌ನಲ್ಲಿ ಇನ್ನೊಚೆನ್ತಿ, 1445ರಲ್ಲಿ ಮೊದಲ ಶಿಶುವನ್ನು ಪಡೆದ ಅನಾಥಾಲಯದ ಹೆಸರೇ ಅದು. ಸಿಸಿಲಿಯಲ್ಲಿ ತ್ರೊವಾತೊ, 'ಸಿಕ್ಕವ'. ಮಿಲಾನ್‌ನಲ್ಲಿ ಕೊಲೊಂಬೊ, ಏಕೆಂದರೆ ಅಲ್ಲಿನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ.

ಇಂಥ ಅನಾಥಾಲಯಗಳ ಗೋಡೆಯಲ್ಲಿ ತಿರುಗುವ ಮರದ ತೊಟ್ಟಿ ಇರುತ್ತಿತ್ತು. ಹೊರಗಿನಿಂದ ಕೂಸನ್ನಿಟ್ಟು ತಿರುಗಿಸಿದರೆ ಒಳಗಿನವರಿಗೆ ಸಿಗುತ್ತಿತ್ತು, ಇಟ್ಟವರ ಮುಖ ಕಾಣುತ್ತಿರಲಿಲ್ಲ. ಫ್ಲಾರೆನ್ಸ್, ನೇಪಲ್ಸ್ ಎರಡೂ ಕಡೆ 1875ರಲ್ಲಿ ಇದನ್ನು ಮುಚ್ಚಿದರು. ಈಗಿನ ನಿಯಮದ ಪ್ರಕಾರ ತಾಯಿತಂದೆ ಗೊತ್ತಿಲ್ಲದ ಮಗುವಿಗೆ ಆ ಸಂಗತಿ ಬಯಲಾಗುವಂಥ ಹೆಸರಿಡುವಂತಿಲ್ಲ, ಆ ಊರಿನ ಪ್ರಸಿದ್ಧ ಮನೆತನದ ಹೆಸರನ್ನೂ ಇಡುವಂತಿಲ್ಲ.

ಇಂಥ ಹೆಸರುಗಳ ಬಗ್ಗೆ ಬರೆಯುವಾಗ ಜೋಪಾನ. ತಲೆಮಾರುಗಳ ಹಿಂದಿನ ಒಬ್ಬ ಪೂರ್ವಜನ ವಿಷಯವದು, ಈಗಿನವರ ಹುಟ್ಟಿಗೆ ಸಂಬಂಧವಿಲ್ಲ. ಕೊಲೊಂಬೊ ಎಂಬುದಕ್ಕಂತೂ ಪಾರಿವಾಳ ಸಾಕುವವ ಎಂಬುದೂ ಸೇರಿ ಬೇರೆ ಮೂಲಗಳೂ ಇವೆ, ಹೆಸರೊಂದನ್ನೇ ನೋಡಿ ತೀರ್ಮಾನಿಸಲಾಗದು.

ದಕ್ಷಿಣ ತಿರೋಲ್‌ನಲ್ಲಿ ಜರ್ಮನ್ ಹೆಸರಿದ್ದರೆ ಜರ್ಮನ್ ಭಾಷಿಕರೇ?

ದಕ್ಷಿಣ ತಿರೋಲ್ ಎಂದರೆ ತ್ರೆಂತೀನೊ-ಆಲ್ತೊ ಆದಿಜೆ ಪ್ರಾಂತ್ಯದ ಬೊಲ್ತ್ಸಾನೊ ಜಿಲ್ಲೆ. ಈ ಪ್ರಶ್ನೆಗೆ ಎರಡು ಹೆಸರು ಸಾಕು. ಬೊಲ್ತ್ಸಾನೊ ಜಿಲ್ಲೆಯ ಜರ್ಮನ್ ಭಾಷಿಕರ ಸ್ವಾಯತ್ತತೆಗಾಗಿ ಹೋರಾಡಿ, 1960ರಿಂದ 1989ರವರೆಗೆ ಅಲ್ಲಿನ ಸರ್ಕಾರ ನಡೆಸಿದವರು ಸಿಲ್ವಿಯುಸ್ ಮಾನ್ಯಾಗೊ. ಮನೆಹೆಸರು ಅಪ್ಪಟ ಇಟಾಲಿಯನ್; ಮಿಲಾನ್ ಬಳಿ ಅದೇ ಹೆಸರಿನ ಊರಿದೆ, ತಂದೆ ಇಟಾಲಿಯನ್ ಭಾಷಿಕ, ತಾಯಿ ಆಸ್ಟ್ರಿಯದವರು. ಸ್ವಂತ ಹೆಸರು ಇಟಾಲಿಯನ್ 'ಸಿಲ್ವಿಯೊ' ಅಲ್ಲ, ಲ್ಯಾಟಿನ್ ರೂಪ. 1960ರ ದಶಕದಲ್ಲಿ ಪಕ್ಕದ ತ್ರೆಂತೊ ಜಿಲ್ಲೆಯ ಇಟಾಲಿಯನ್ ಭಾಷಿಕರ ನಾಯಕ ಬ್ರೂನೊ ಕೆಸ್ಲರ್. ಮನೆಹೆಸರು ಅಪ್ಪಟ ಜರ್ಮನ್, ಹಂಡೆ ಮಾಡುವ ಕಂಚುಗಾರ ಎಂದು. ಹೆಸರು ನೋಡಿ ಪಕ್ಷ ಹೇಳಹೊರಟವರು ಇಬ್ಬರನ್ನೂ ಅದಲುಬದಲು ಮಾಡುತ್ತಿದ್ದರು.

2014ರಿಂದ ಬೊಲ್ತ್ಸಾನೊದ ಸರ್ಕಾರ ನಡೆಸುತ್ತಿರುವ ಆರ್ನೊ ಕೊಂಪಾಚರ್ ಅವರ ಮನೆಹೆಸರಲ್ಲಿ ಎರಡು ಪದರಗಳಿವೆ. ಕೊನೆಯ 'ಅರ್' ಜರ್ಮನ್, 'ಅಲ್ಲಿಯವ' ಎಂದು. ಕೊಂಪಾಚ್ ಎಂಬ ಜಾಗದ ಹೆಸರು ಮಾತ್ರ ಲ್ಯಾಟಿನ್‌ನ 'ಕಾಂಪುಸ್', ಅಂದರೆ ಬಯಲು ಎಂಬುದರಿಂದ ಬಂದದ್ದು.

ಫ್ಯಾಸಿಸ್ಟ್ ಕಾಲದಲ್ಲಿ ಈ ಗಡಿನಾಡಿನ ಹೆಸರುಗಳ ಮೇಲೆ ಕಾನೂನೇ ಬಂತು. 1926ರ ಜನವರಿಯ ಆಜ್ಞೆ ತ್ರೆಂತೊ ಜಿಲ್ಲೆಗೆ ಅನ್ವಯಿಸಿತು. ಆಗ ಬೊಲ್ತ್ಸಾನೊ ಕೂಡ ಅದರೊಳಗೇ ಇತ್ತು. 1927ರಲ್ಲಿ ತ್ರಿಯೆಸ್ತೆ-ಗೊರಿತ್ಸಿಯ ಕಡೆಗೂ ಹಬ್ಬಿತು. ಹೆಸರು ಮೂಲತಃ ಇಟಾಲಿಯನ್ ಆಗಿತ್ತೆಂದು ಅಧಿಕಾರಿ ತೀರ್ಮಾನಿಸಿದರೆ ಬದಲಾವಣೆ ಕಡ್ಡಾಯ, ಅದಕ್ಕೆ 'ಮರಳಿ ಕೊಡುವುದು' ಎಂದು ಹೆಸರು. ಪೂರ್ತಿ ವಿದೇಶಿ ಹೆಸರಾದರೆ ಅರ್ಜಿಯ ಮೇಲೆ. ನೌಕರಿ ಇದ್ದವರಿಗೆ ಆ ಅರ್ಜಿ ಎಷ್ಟು ಐಚ್ಛಿಕವಾಗಿತ್ತೆಂದು ಊಹಿಸಬಹುದು. ಹೆಚ್ಚು ಪೆಟ್ಟು ಬಿದ್ದದ್ದು ಸ್ಲೊವೇನ್, ಕ್ರೊಯೇಷಿಯನ್ ಮನೆಗಳಿಗೆ: 'ನೀರು ಕುಡಿಯುವವ' ಎಂಬ ಅರ್ಥದ ವೊದೊಪಿವೆತ್ಸ್, ಅದೇ ಅರ್ಥದ ಬೆವಿಲಾಕ್ವ ಆಯಿತು. ಹಳೆಯ ಹೆಸರನ್ನು ಮರಳಿ ಪಡೆಯಲು 1991ರ 114ನೇ ಕಾನೂನು ದಾರಿ ಮಾಡಿತು. ಎಲ್ಲರೂ ಪಡೆಯಲಿಲ್ಲ, ಹೀಗಾಗಿ ಒಂದೇ ಅಜ್ಜನ ಮೊಮ್ಮಕ್ಕಳು ಬೇರೆ ಬೇರೆ ಮನೆಹೆಸರಲ್ಲಿ ಸಿಗಬಹುದು.

ಲುಯೀಸ್, ಲುಯೀಜಿ, ಅಲೋಶಿಯಸ್ ಒಂದೇ ಹೆಸರೇ?

ಒಂದೇ. 1989ರಿಂದ 2014ರವರೆಗೆ ಬೊಲ್ತ್ಸಾನೊ ಸರ್ಕಾರ ನಡೆಸಿದ ಲುಯೀಸ್ ದುರ್ನ್‌ವಾಲ್ಡರ್ ಅವರ ಪೂರ್ತಿ ಹೆಸರು ಆಲೋಯಿಸ್. ಸಾರ್ಡೀನಿಯದ ಮೊದಲ ಅಧ್ಯಕ್ಷ ಕ್ರೆಸ್ಪೆಲ್ಲಾನಿ ಅವರದು ಲುಯೀಜಿ, ಎಮಿಲಿಯಾ-ರೊಮಾನ್ಯದ ಅಧ್ಯಕ್ಷರಾಗಿದ್ದ ಬೆರ್ಸಾನಿ ಅವರದು ಪಿಯೆರ್ ಲುಯೀಜಿ. ಮೂಲ ಜರ್ಮನಿಕ್ ಹೆಸರು 'ಕೀರ್ತಿವಂತ ಯೋಧ' ಎಂಬರ್ಥದ್ದು. ಮಂಗಳೂರಿನವರಿಗೆ ಇದು ಹೊಸದಲ್ಲ: 1880ರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿಗಳು ಶುರು ಮಾಡಿದ ಸಂತ ಅಲೋಶಿಯಸ್ ಕಾಲೇಜಿನ ಸಂತ, ಲೊಂಬಾರ್ದಿಯ ಕಸ್ತಿಲ್ಯೋನೆಯಲ್ಲಿ 1568ರಲ್ಲಿ ಹುಟ್ಟಿದ ಲುಯೀಜಿ ಗೊನ್ಜಾಗ. ಕಾಲೇಜಿನ ಪ್ರಾರ್ಥನಾಮಂದಿರದ ಮೇಲ್ಛಾವಣಿಯಲ್ಲಿ ಆಂತೋನಿಯೊ ಮೊಸ್ಕೇನಿ ಬಿಡಿಸಿದ್ದು ಇದೇ ಲುಯೀಜಿಯ ಬದುಕನ್ನು.

ಅಡ್ಡಹೆಸರಿನಿಂದ ಮೂಲ ಹೆಸರು ಹಿಡಿಯುವುದು ಹೇಗೆ?

ಇಟಾಲಿಯನ್ನರು ಹೆಸರಿನ ತಲೆ ಕತ್ತರಿಸಿ ಬಾಲ ಉಳಿಸಿಕೊಳ್ಳುತ್ತಾರೆ. ಲೊರೆನ್ತ್ಸೊ ರೆನ್ತ್ಸೊ ಆಗುತ್ತಾನೆ, ಜೊವಾನ್ನಿ ವಾನ್ನಿ ಆಗುತ್ತಾನೆ. ಟಸ್ಕನಿಯ ಅಧ್ಯಕ್ಷರಾಗಿದ್ದ ವನ್ನೀನೊ ಕೀತಿ ಅವರದು ಆ ವಾನ್ನಿಗೆ ಇನ್ನೊಂದು ಮುದ್ದಿನ ಬಾಲ. ಸಿಸಿಲಿಯ ನೆಲ್ಲೊ ಮುಸುಮೇಚಿ ದಾಖಲೆಯಲ್ಲಿ ಸೆಬಸ್ತಿಯಾನೊ. ತೊತೋ ಕುಫ್ಫಾರೊ ದಾಖಲೆಯಲ್ಲಿ ಸಲ್ವತೋರೆ. ಆದರೆ ನೇಪಲ್ಸ್‌ನ ಹಾಸ್ಯನಟ ತೊತೋನ ನಿಜ ಹೆಸರು ಆಂತೋನಿಯೊ. ಅಡ್ಡಹೆಸರಿನಿಂದ ಹಿಂದಕ್ಕೆ ಊಹಿಸಬೇಡಿ, ಪ್ರಾಂತೀಯ ಪರಿಷತ್ತಿನ ಅಧಿಕೃತ ಪುಟದಲ್ಲಿ ಪೂರ್ತಿ ಹೆಸರು ನೋಡಿ.

ಚುನಾವಣೆಯಲ್ಲಿ ಇದಕ್ಕೆ ಬೆಲೆಯಿದೆ. ಪ್ರಾಂತೀಯ ಪರಿಷತ್ತಿನ ಮತಪತ್ರದಲ್ಲಿ ಪಕ್ಷದ ಚಿಹ್ನೆಯ ಪಕ್ಕದ ಗೆರೆಯ ಮೇಲೆ ತನಗೆ ಬೇಕಾದ ಅಭ್ಯರ್ಥಿಯ ಮನೆಹೆಸರನ್ನು ಮತದಾರ ಕೈಯಾರೆ ಬರೆಯಬೇಕು. ಎರಡು ಹೆಸರಿಗೆ ಅವಕಾಶವಿರುವ ಪ್ರಾಂತ್ಯಗಳಲ್ಲಿ ಒಂದು ಗಂಡಸಿನದು, ಒಂದು ಹೆಂಗಸಿನದು ಇರಬೇಕು. ಎರಡೂ ಒಂದೇ ಲಿಂಗದ್ದಾದರೆ ಎರಡನೆಯದು ರದ್ದು. ಒಂದೇ ಪಟ್ಟಿಯಲ್ಲಿ ಇಬ್ಬರು ರುಸ್ಸೊಗಳಿದ್ದರೆ ಸ್ವಂತ ಹೆಸರನ್ನೂ ಬರೆಯಬೇಕು, ಅದೂ ಒಂದೇ ಆದರೆ ಹುಟ್ಟಿದ ದಿನಾಂಕ. ಊರವರಿಗೆ ಅಡ್ಡಹೆಸರೇ ಗೊತ್ತಿರುವ ಅಭ್ಯರ್ಥಿ 'ಇಂಥವನೆಂದು ಕರೆಯುವ' ಎಂಬರ್ಥದ 'ದೆತ್ತೊ' ಪದದೊಂದಿಗೆ ಅದನ್ನೂ ನಾಮಪತ್ರದಲ್ಲಿ ನಮೂದಿಸುತ್ತಾರೆ.

ಮದುವೆಯಾದರೆ ಮನೆಹೆಸರು ಬದಲಾಗುತ್ತದೆಯೇ? ಮಕ್ಕಳಿಗೆ ಯಾರದ್ದು?

ಹೆಂಡತಿಯ ಮನೆಹೆಸರು ಬದಲಾಗುವುದಿಲ್ಲ. 1975ರ ಕುಟುಂಬ ಕಾನೂನಿನ ಪ್ರಕಾರ ಗಂಡನದ್ದನ್ನು ಸೇರಿಸಿಕೊಳ್ಳಬಹುದಷ್ಟೆ. ಮಕ್ಕಳಿಗೆ ತಂದೆಯದ್ದೇ ಎಂಬ ನಿಯಮವನ್ನು ಸಂವಿಧಾನ ನ್ಯಾಯಾಲಯ 2022ರಲ್ಲಿ (131ನೇ ತೀರ್ಪು) ರದ್ದುಮಾಡಿತು. ಈಗ ತಾಯಿತಂದೆ ಒಪ್ಪಿದ ಕ್ರಮದಲ್ಲಿ ಇಬ್ಬರದ್ದೂ, ಅಥವಾ ಇಬ್ಬರೂ ಒಪ್ಪಿದರೆ ಒಬ್ಬರದ್ದು.

ಒಂದು ಮನೆಹೆಸರಿನ ಮೂಲವನ್ನು ನಾನೇ ಹುಡುಕುವುದು ಹೇಗೆ?

ಮೊದಲು ಅಧಿಕೃತ ಕಾಗುಣಿತ ಮತ್ತು ಹುಟ್ಟಿದ ಊರು ಖಚಿತಪಡಿಸಿಕೊಳ್ಳಿ. ಚುನಾಯಿತರಾದ ಪ್ರಾಂತ್ಯವನ್ನೇ ಹುಟ್ಟೂರೆಂದು ಹಿಡಿದರೆ ಹುಡುಕಾಟ ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. ಟಸ್ಕನಿಯ ಅಧ್ಯಕ್ಷರಾಗಿದ್ದ ಕ್ಲಾವ್ದಿಯೊ ಮರ್ತೀನಿ ಹುಟ್ಟಿದ್ದು ಟುನೀಷಿಯದಲ್ಲಿ. ಫ್ರಿಯೂಲಿಯ ಅಧ್ಯಕ್ಷರಾಗಿದ್ದ, ಕಾಫಿ ಮನೆತನದ ರಿಕ್ಕಾರ್ದೊ ಇಲ್ಲಿ ಅವರ ಅಜ್ಜ ಬಂದದ್ದು ಇಂದಿನ ರೊಮೇನಿಯದ ತಿಮಿಶೋವಾರದಿಂದ, ಆಗ ಅವರ ಹೆಸರು ಫೆರೆನ್ತ್ಸ್.

ನಂತರ ಮನೆಹೆಸರುಗಳ ಹಂಚಿಕೆ ನಕ್ಷೆಯಲ್ಲಿ ಅದು ದಟ್ಟವಾಗಿರುವ ಜಿಲ್ಲೆ ನೋಡಿ. ಮಿಲಾನ್, ತುರಿನ್, ರೋಮ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಲಸ ಹುಡುಕಿ ಬಂದವರಿಂದ ಅಲ್ಲಿ ಎಲ್ಲ ಹೆಸರೂ ಸಿಗುತ್ತದೆ. ಆಮೇಲೆ ದಾಖಲೆಗಳು. ರಾಜ್ಯ ಪತ್ರಾಗಾರಗಳ 'ಆಂತೆನಾತಿ' ತಾಣದಲ್ಲಿ ಹಳೆಯ ಜನನ-ಮರಣ-ಮದುವೆ ಪುಸ್ತಕಗಳು ಉಚಿತ. ನಾಗರಿಕ ನೋಂದಣಿ ನೇಪಲ್ಸ್ ರಾಜ್ಯದಲ್ಲಿ 1809ರಿಂದ, ಸಿಸಿಲಿಯಲ್ಲಿ 1820ರಿಂದ, ಏಕೀಕೃತ ಇಟಲಿಯಲ್ಲಿ 1866ರಿಂದ, ವೆನೆತೊ ಮತ್ತು ರೋಮ್ ಸುತ್ತಮುತ್ತ 1871ರಿಂದ ಶುರು. ಅದಕ್ಕೂ ಹಿಂದೆ ಬೇಕಾದರೆ ಚರ್ಚಿನ ಪುಸ್ತಕಗಳು. 1563ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ತ್ರೆಂತೊ ಮಹಾಸಭೆ ಇವನ್ನು ಕಡ್ಡಾಯ ಮಾಡಿತು. ಕಳೆದ 70 ವರ್ಷಗಳ ಪುಸ್ತಕಗಳು ಪತ್ರಾಗಾರಕ್ಕೆ ಬಂದಿರುವುದಿಲ್ಲ.

ಕೊನೆಗೆ ನಿಘಂಟು. ಬಹುಮಂದಿ ಇಲ್ಲಿಂದಲೇ ಆರಂಭಿಸಿ ಎಡವುತ್ತಾರೆ, ಏಕೆಂದರೆ ನಿಘಂಟು ಒಂದು ಹೆಸರಿಗೆ ಮೂರು ಮೂಲ ಕೊಟ್ಟಾಗ ಆರಿಸಿಕೊಳ್ಳಲು ಊರು ಗೊತ್ತಿರಬೇಕು. ವಂಶಲಾಂಛನ ಮಾರುವ ಅಂಗಡಿ-ತಾಣಗಳನ್ನು ದೂರವಿಡಿ. ಅವರಲ್ಲಿ ಪ್ರತಿ ರೊಸ್ಸಿಗೂ ಒಂದು ಸಿಂಹವಿರುತ್ತದೆ.

ಕನ್ನಡದಲ್ಲಿ ಈ ಹೆಸರುಗಳನ್ನು ಬರೆಯುವುದು ಹೇಗೆ?

ಇಂಗ್ಲಿಷ್ ಮೂಲಕ ಹೋಗದಿದ್ದರೆ ಕನ್ನಡ ಲಿಪಿಗೆ ಇಟಾಲಿಯನ್ ಸಲೀಸು. ಅಲ್ಲಿನ ತ-ದ ನಮ್ಮ ತ-ದ ಇದ್ದಂತೆಯೇ, ಟ-ಡ ಅಲ್ಲ. 'ಸಿ' ಅಕ್ಷರದ ಮುಂದೆ ಇ ಅಥವಾ ಎ ಬಂದರೆ ಚ, ನಡುವೆ 'ಹೆಚ್' ಬಂದರೆ ಕ. ಆದ್ದರಿಂದ ಪಿಯೆಮೊನ್ತೆಯ ಅಧ್ಯಕ್ಷರಾಗಿದ್ದವರು ಕ್ಯಾಂಪರೀನೊ, ಚಿಯಾಂಪರಿನೊ ಅಲ್ಲ. ಸಿಸಿಲಿಯ ರೆನಾತೊ ಸ್ಕಿಫಾನಿ, ಶಿಫಾನಿ ಅಲ್ಲ. 'ಜಿ-ಎನ್' ಜೋಡಿ ನ್ಯ: ಮಾನ್ಯಾಗೊ. ಇಮ್ಮಡಿ ವ್ಯಂಜನವನ್ನು ಅವರು ನಿಜವಾಗಿಯೂ ಇಮ್ಮಡಿಯಾಗಿ ಉಚ್ಚರಿಸುತ್ತಾರೆ, ಒತ್ತಕ್ಷರ ಬಿಡಬೇಡಿ: ಎಮಿಲಿಯಾ-ರೊಮಾನ್ಯದ ಅಧ್ಯಕ್ಷರಾಗಿದ್ದ ಬೊನಾಚ್ಚೀನಿ.

ಇಟಲಿಗೆ ಹೊರಟ ಕನ್ನಡಿಗರ ಹೆಸರಿಗೆ ಏನು ತೊಂದರೆ ಬರುತ್ತದೆ?

ಅಲ್ಲಿನ 16 ಅಕ್ಷರಗಳ ತೆರಿಗೆ ಸಂಕೇತ 'ಕೋದಿಚೆ ಫಿಸ್ಕಾಲೆ'ಯ ಮೊದಲ ಮೂರು ಅಕ್ಷರ ಮನೆಹೆಸರಿನ ವ್ಯಂಜನಗಳು, ಮುಂದಿನ ಮೂರು ಸ್ವಂತ ಹೆಸರಿನವು. ಹೆಂಗಸರಾದರೆ ಹುಟ್ಟಿದ ತಾರೀಕಿಗೆ 40 ಕೂಡಿಸುತ್ತಾರೆ. ಭಾರತದಲ್ಲಿ ಹುಟ್ಟಿದವರಿಗೆ ಊರಿನ ಜಾಗದಲ್ಲಿ 'ಝಡ್ 222'. ಇನಿಷಿಯಲ್ ಮಾತ್ರ ಇರುವ, ಅಥವಾ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವ ನಮ್ಮವರಿಗೆ ಇಲ್ಲೇ ತೊಡಕು: ಒಂದು ಕಚೇರಿ ತಂದೆಯ ಹೆಸರನ್ನು ಮನೆಹೆಸರು ಮಾಡುತ್ತದೆ, ಇನ್ನೊಂದು ಊರಿನ ಹೆಸರನ್ನು. ಆಗ ಬರುವ ಸಂಕೇತಗಳು ಹೊಂದುವುದಿಲ್ಲ. ಬ್ಯಾಂಕು, ಬಾಡಿಗೆ ಕರಾರು, ಆರೋಗ್ಯ ಕಾರ್ಡು ಎಲ್ಲ ಕಡೆ ನಿಲ್ಲುತ್ತದೆ. ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಎರಡೂ ಜಾಗ ತುಂಬಿಸಿಕೊಳ್ಳಿ, ವಿಶ್ವವಿದ್ಯಾಲಯದ ಅರ್ಜಿಯಲ್ಲೂ ಅದೇ ಕ್ರಮ ಬಳಸಿ.